ಅಜ್ಜನ ಜಯಧರ ಸೊರಗಲಿಲ್ಲ, ನನ್ನ ಹೈಬ್ರಿಡ್ ಹತ್ತಿ ಏಕೆ ಸೊರಗುತ್ತಿದೆ?

ಪ್ರಶ್ನೆ: ಕುಂದಗೋಳ ತಾಲ್ಲೂಕಿನ ನಮ್ಮ ಎರೆಹೊಲದಲ್ಲಿ ಅಜ್ಜ ಮೆಣಸಿನಕಾಯಿ, ಉಳ್ಳಾಗಡ್ಡಿಯ ಜೊತೆಗೆ ಜಯಧರ ಹತ್ತಿ ಬೆಳೆಯುತ್ತಿದ್ದರು. ಆ ಹತ್ತಿ ಸೊರಗಿದ್ದನ್ನು ತಾವು ಕಂಡೇ ಇಲ್ಲ ಎನ್ನುತ್ತಿದ್ದರು. ನಾನು ಎಂಟು ವರ್ಷಗಳಿಂದ ಬಿಟಿ ಹೈಬ್ರಿಡ್ ಹಾಕುತ್ತಿದ್ದೇನೆ. ಕಳೆದ ಎರಡು ವರ್ಷ, ಕಾಯಿ ಕಟ್ಟಿದ ಮೇಲೆ, ದೊಡ್ಡ ಮಳೆ ಬಿದ್ದ ಮಾರನೆಯ ದಿನ ಅಲ್ಲೊಂದು ಇಲ್ಲೊಂದು ಗಿಡ ನಿಂತಲ್ಲೇ ಸೊರಗಿ ಒಣಗಿದವು. ಹಳೆಯ ತಳಿಯಲ್ಲಿದ್ದ ರೋಗನಿರೋಧಕ ಜೀನು ಹೈಬ್ರಿಡ್‌ನಲ್ಲಿ ಕಳೆದುಹೋಗಿದೆಯೇ? ಅದನ್ನು ಜಯಧರದಿಂದ ಬಿಟಿ ಹತ್ತಿಗೆ ತರಲು ಬರುವುದಿಲ್ಲವೇ? ‘ಸೊರಗು ನಿರೋಧಕ’ ಎಂದು ಹೇಳಿ ಅಂಗಡಿಯವರು ಕೊಡುವ ಬೀಜವನ್ನು ನಂಬಬಹುದೇ?

ಉತ್ತರ: ನಿಮ್ಮ ಮೂರು ಪ್ರಶ್ನೆಗಳಿಗೂ ಉತ್ತರವಿದೆ. ಆದರೆ ಅದಕ್ಕೆ ಮೊದಲು ನೀವೇ ಬರೆದ ಒಂದು ಮಾತಿನ ಮೇಲೆ ಬೆರಳಿಡಬೇಕಾಗಿದೆ: ‘ಮಳೆ ಬಿದ್ದ ಮಾರನೆಯ ದಿನ’. ಶಿಲೀಂಧ್ರದಿಂದ ಬರುವ ಸೊರಗು ರೋಗ ಒಂದು ರಾತ್ರಿಯಲ್ಲಿ ಗಿಡವನ್ನು ಹೀಗೆ ಕೆಡವುವುದಿಲ್ಲ. ಅದು ಬೇರಿನಿಂದ ಮೇಲಕ್ಕೆ ಏರುತ್ತಾ, ಕೆಳಗಿನ ಎಲೆಗಳ ಅಂಚನ್ನು ಮೊದಲು ಹಳದಿಯಾಗಿಸಿ, ಆಮೇಲೆ ಎಲೆ ಉದುರಿಸಿ, ಗಿಡವನ್ನು ಗಿಡ್ಡವಾಗಿಸಿ, ದಿನಗಟ್ಟಲೆ ಸತಾಯಿಸಿ ಕೊಲ್ಲುತ್ತದೆ. ಹೊಲದಲ್ಲಿ ಅದು ಅಲ್ಲೊಂದು ಇಲ್ಲೊಂದು ಗಿಡವಾಗಿ ಉಳಿಯುವುದೂ ಇಲ್ಲ. ಒಂದು ಮಚ್ಚೆಯಾಗಿ ಕಾಣಿಸಿಕೊಂಡು ವರ್ಷದಿಂದ ವರ್ಷಕ್ಕೆ ಹಿಗ್ಗುತ್ತದೆ. ಆದ್ದರಿಂದ ನಿಮ್ಮ ಹೊಲದಲ್ಲಿ ಸೊರಗಿದ ಗಿಡಗಳಿಗೂ ಅಜ್ಜನ ಕಾಲದ ಸೊರಗು ರೋಗಕ್ಕೂ ಹೆಸರು ಒಂದೇ ಆದರೂ ಸಂಬಂಧವಿಲ್ಲ ಎಂಬುದು ನನ್ನ ಬಲವಾದ ಅನುಮಾನ. ಈ ಅನುಮಾನವನ್ನು ನೀವೇ ಪರೀಕ್ಷಿಸಬಹುದು. ಪ್ರಯೋಗಾಲಯ ಬೇಡ, ಹರಿತವಾದ ಒಂದು ಚಾಕು ಸಾಕು.

ಮುಂದಿನ ಸಲ ಗಿಡ ಸೊರಗಿದ ದಿನವೇ, ಅದು ಪೂರ್ತಿ ಒಣಗುವ ಮುನ್ನ, ಅದನ್ನು ಕಿತ್ತು ನೋಡಿ. ಹಗುರವಾಗಿ ಎಳೆದರೆ ಸರಕ್ಕನೆ ಕೈಗೆ ಬಂದು, ಬೇರಿನ ತೊಗಟೆ ನಾರುನಾರಾಗಿ ಸುಲಿದು, ಒಳಗೆ ಅಂಟಂಟಾಗಿದ್ದರೆ ಅದು ಬೇರು ಕೊಳೆ ರೋಗ. ಅದರ ಶಿಲೀಂಧ್ರವೇ ಬೇರೆ. ಗಿಡ ಗಟ್ಟಿಯಾಗಿ ನೆಲ ಹಿಡಿದಿದ್ದರೆ ಗುದ್ದಲಿಯಿಂದ ಬೇರುಸಹಿತ ಎತ್ತಿ, ನೆಲಮಟ್ಟದ ಕಾಂಡವನ್ನು ಉದ್ದಕ್ಕೆ ಸೀಳಿ. ತೊಗಟೆಯ ಒಳಗಿನ ಬಿಳಿಯ ಕಟ್ಟಿಗೆಯಲ್ಲಿ ಕಂದು ಅಥವಾ ಕಪ್ಪು ಗೀರುಗಳು ಬೇರಿನಿಂದ ಮೇಲಕ್ಕೆ ಓಡಿದ್ದರೆ, ಅಡ್ಡ ಕತ್ತರಿಸಿದಾಗ ಅವು ಚುಕ್ಕೆಗಳ ಉಂಗುರವಾಗಿ ಕಂಡರೆ, ಅದು ನಾಳಗಳನ್ನು ಹಿಡಿಯುವ ಶಿಲೀಂಧ್ರದ ಸೊರಗು. ಕಟ್ಟಿಗೆ ಹಾಲಿನಂತೆ ಬೆಳ್ಳಗಿದ್ದು, ಬೇರೂ ಆರೋಗ್ಯವಾಗಿದ್ದರೆ, ಅಲ್ಲಿ ರೋಗಾಣುವೇ ಇಲ್ಲ. ನಿಮ್ಮ ಹೊಲದಲ್ಲಿ ಕೊನೆಯದೇ ಕಾಣುತ್ತದೆಂದು ನಾನು ಎಣಿಸುತ್ತೇನೆ. ಇದನ್ನು ಪ್ಯಾರಾವಿಲ್ಟ್ ಅಥವಾ ಹೊಸ ಸೊರಗು ಎನ್ನುತ್ತಾರೆ. ಇದರ ವಿಚಾರಕ್ಕೆ ಕೊನೆಯಲ್ಲಿ ಬರುತ್ತೇನೆ.

ಈಗ ನಿಮ್ಮ ಮೊದಲ ಪ್ರಶ್ನೆ. ಹತ್ತಿ ಎಂದು ನಾವು ಒಂದೇ ಮಾತಿನಲ್ಲಿ ಕರೆಯುವ ಬೆಳೆಯಲ್ಲಿ ನಾಲ್ಕು ಬೇರೆ ಬೇರೆ ಜಾತಿಗಳಿವೆ. ಗಾಸಿಪಿಯಂ ಹರ್ಬೇಸಿಯಂ ಮತ್ತು ಗಾಸಿಪಿಯಂ ಆರ್ಬೋರಿಯಂ ನಮ್ಮ ದೇಶಿ ಹತ್ತಿಗಳು. ಇವುಗಳ ಜೀವಕೋಶದಲ್ಲಿ 26 ವರ್ಣತಂತುಗಳಿರುತ್ತವೆ. ಅಮೆರಿಕ ಮೂಲದ ಹಿರ್ಸುಟಂ ಮತ್ತು ಉದ್ದ ಎಳೆಯ ಬಾರ್ಬಡೆನ್ಸ್ ಜಾತಿಗಳಲ್ಲಿ 52 ಇರುತ್ತವೆ. ಅಜ್ಜನ ಜಯಧರ ಹರ್ಬೇಸಿಯಂ ಜಾತಿಯದು. ನಿಮ್ಮ ಬಿಟಿ ಹೈಬ್ರಿಡ್ ಬಹುಪಾಲು ಹಿರ್ಸುಟಂ ತಂದೆ ತಾಯಿಗಳಿಂದ ಬಂದದ್ದು. ಹತ್ತಿಯ ಸೊರಗು ರೋಗಕ್ಕೆ ಕಾರಣವಾದ ಶಿಲೀಂಧ್ರ ಫ್ಯುಸೇರಿಯಂ ಆಕ್ಸಿಸ್ಪೋರಂ. ಅದರಲ್ಲೂ ಹತ್ತಿಗೇ ಮೀಸಲಾದ ವಾಸಿನ್‌ಫೆಕ್ಟಂ ಎಂಬ ಬಗೆ. ತೊಗರಿಯ ನೆಟೆ ರೋಗ ಇದರ ದಾಯಾದಿಯಿಂದ ಬರುತ್ತದೆ, ಆದರೆ ತೊಗರಿಯದು ಹತ್ತಿಗೆ ಹತ್ತುವುದಿಲ್ಲ, ಹತ್ತಿಯದು ತೊಗರಿಗೆ ಹತ್ತುವುದಿಲ್ಲ. ಭಾರತದ ಕಪ್ಪು ಮಣ್ಣಿನಲ್ಲಿ ನೆಲೆಸಿದ ಹತ್ತಿಯ ಫ್ಯುಸೇರಿಯಂ ದೇಶಿ ಜಾತಿಗಳನ್ನೇ ಹಿಡಿಯುತ್ತದೆ. ಹಿರ್ಸುಟಂ ಅದಕ್ಕೆ ಬಗ್ಗುವುದಿಲ್ಲ. ಎಂದರೆ ನೀವು ತಿಳಿದಿರುವುದಕ್ಕೆ ತಿರುಗುಮುರುಗಾಗಿ, ಈ ರೋಗ ಬರಬಹುದಾಗಿದ್ದುದು ಅಜ್ಜನ ಹತ್ತಿಗೆ, ನಿಮ್ಮದಕ್ಕಲ್ಲ. ಬಾರದೆ ಇದ್ದುದಕ್ಕೆ ಕಾರಣವಿದೆ, ಮತ್ತು ಆ ಕಾರಣ ನಮ್ಮ ಧಾರವಾಡದ ಕೃಷಿ ಇತಿಹಾಸದ ಒಂದು ಒಳ್ಳೆಯ ಅಧ್ಯಾಯ.

ಧಾರವಾಡ ಸೀಮೆಯ ದೇಶಿ ಹತ್ತಿಯನ್ನು ವ್ಯಾಪಾರಿಗಳು ‘ಕುಮಟಾ’ ಎನ್ನುತ್ತಿದ್ದರು. ಕುಮಟೆಯಲ್ಲಿ ಹತ್ತಿ ಬೆಳೆಯುತ್ತಿರಲಿಲ್ಲ. ಗಾಡಿಗಳು ಘಟ್ಟ ಇಳಿದು ಅಲ್ಲಿನ ಬಂದರಿನಲ್ಲಿ ಅಂಡಿಗೆಗಳನ್ನು ಹಡಗಿಗೆ ಏರಿಸುತ್ತಿದ್ದುದರಿಂದ ಬಂದರಿನ ಹೆಸರೇ ಹತ್ತಿಗೆ ಅಂಟಿಕೊಂಡಿತು. ಈ ಕುಮಟಾ ಹತ್ತಿ ಒಂದು ತಳಿಯಲ್ಲ, ನೂರಾರು ಬಗೆಯ ಗಿಡಗಳ ಬೆರಕೆ. ಸೊರಗು ರೋಗ ಬಿದ್ದ ಹೊಲದಲ್ಲಿ ಕೆಲವು ಗಿಡ ಸಾಯುತ್ತಿದ್ದವು, ಕೆಲವು ಪಕ್ಕದಲ್ಲೇ ಹಸಿರಾಗಿ ನಿಂತಿರುತ್ತಿದ್ದವು. ಮುಂಬಯಿ ಪ್ರಾಂತದ ದಕ್ಷಿಣ ಭಾಗದ ಹತ್ತಿ ತಳಿ ತಜ್ಞರಾಗಿದ್ದ ಜಿ.ಎಲ್. ಕೊಟ್ಟೂರ ಅವರು ಈ ಬೆರಕೆಯಿಂದ ಒಳ್ಳೆಯ ಗಿಡಗಳನ್ನು ಆಯ್ದು, ಬೇರ್ಪಡಿಸಿ, ಕೂಡಿಸಿ ತಳಿ ಕಟ್ಟುವ ಕೆಲಸ ನಡೆಸಿದರು. ಅಲ್ಲಿಂದ ಬಂದ ಜಯವಂತ, ಅದರ ನಂತರದ ಜಯಧರ, ಎರಡೂ ಸೊರಗು ರೋಗಕ್ಕೆ ನಿರೋಧಕ ಎಂಬ ಕಾರಣಕ್ಕೇ ರೈತರ ಕೈಗೆ ಬಂದ ತಳಿಗಳು. ಖಾನದೇಶದಲ್ಲಿ ಜರೀಲಾ ಎಂಬ ಆರ್ಬೋರಿಯಂ ತಳಿಯೂ ಇದೇ ಕಾರಣಕ್ಕೆ ಹೆಸರಾಯಿತು. ಅಜ್ಜ ‘ಸೊರಗಿದ್ದನ್ನು ಕಂಡೇ ಇಲ್ಲ’ ಎಂದಿದ್ದು ಸುಳ್ಳಲ್ಲ. ಆದರೆ ಹತ್ತಿ ಸೊರಗಿ ಸೊರಗಿ ಬೇಸತ್ತಿದ್ದ ಕಾಲವನ್ನು ಅವರ ಅಪ್ಪ ಅಥವಾ ಮುತ್ತಜ್ಜ ಕಂಡಿರಬಹುದು.

ಇಂಥ ತಳಿಯನ್ನು ಕಟ್ಟುವ ವಿಧಾನ ಕೇಳಲು ಸರಳ, ಮಾಡಲು ಕಠಿಣ. ಆರೋಗ್ಯವಾದ ಹೊಲದಲ್ಲಿ ಬಿತ್ತಿದರೆ ಯಾವ ಗಿಡ ನಿರೋಧಕ, ಯಾವುದು ಅಲ್ಲ ಎಂದು ಎಂದಿಗೂ ತಿಳಿಯುವುದಿಲ್ಲ. ಆದ್ದರಿಂದ ತಜ್ಞರು ಒಂದು ತಾಕನ್ನು ಬೇಕೆಂದೇ ಕೆಡಿಸುತ್ತಾರೆ: ಸೊರಗಿ ಸತ್ತ ಗಿಡಗಳ ಕಟ್ಟಿಗೆಯನ್ನು ಕತ್ತರಿಸಿ ಮಣ್ಣಿಗೆ ಸೇರಿಸಿ, ವರ್ಷವರ್ಷವೂ ಅದೇ ತಾಕಿನಲ್ಲಿ ಬೇಗ ಸೊರಗುವ ತಳಿಯನ್ನೇ ಬಿತ್ತಿ, ಶಿಲೀಂಧ್ರವನ್ನು ಸಾಕುತ್ತಾರೆ. ಆ ಮಣ್ಣಿನಲ್ಲಿ ಹೊಸ ತಳಿಯ ಸಾಲುಗಳ ನಡುವೆ ನಾಲ್ಕೈದು ಸಾಲಿಗೊಮ್ಮೆ ಬೇಗ ಸೊರಗುವ ತಳಿಯ ಒಂದು ಸಾಲನ್ನು ಸಾಕ್ಷಿಗೆಂದು ಹಾಕುತ್ತಾರೆ. ಸಾಕ್ಷಿಯ ಸಾಲು ಪೂರ್ತಿ ಸತ್ತಿದ್ದರೆ ಮಾತ್ರ ಪಕ್ಕದಲ್ಲಿ ಉಳಿದ ಗಿಡಕ್ಕೆ ಬೆಲೆ. ಅಂಥ ತಾಕನ್ನು ಮೊದಲ ಸಲ ನೋಡಿದವರಿಗೆ ಯಾರೋ ಬೆಳೆಯನ್ನು ಹಾಳುಗೆಡವಿದ್ದಾರೆ ಎನಿಸುತ್ತದೆ. ವಿದ್ಯಾರ್ಥಿಯಾಗಿದ್ದಾಗ ನನಗೂ ಹಾಗೆಯೇ ಅನಿಸಿ, ಒಣಗಿದ ಸಾಲುಗಳನ್ನು ಕಿತ್ತು ಹಸನು ಮಾಡೋಣವೇ ಎಂದು ಹಿರಿಯರನ್ನು ಕೇಳಿ ಬೈಸಿಕೊಂಡದ್ದುಂಟು.

ಇಷ್ಟಾದರೂ ಒಂದು ತೊಡಕು ಉಳಿಯುತ್ತಿತ್ತು. ಒಂದು ವರ್ಷ ನಿರೋಧಕವೆಂದು ತೋರಿದ ಗಿಡದ ಬೀಜ ಮರುವರ್ಷ ಬೇರೆ ಹೊಲದಲ್ಲಿ ಸೊರಗುತ್ತಿತ್ತು. ಪುಣೆಯಲ್ಲಿ ಮುಂಬಯಿ ಸರಕಾರದ ಸಸ್ಯರೋಗ ತಜ್ಞರಾಗಿದ್ದ ಬಿ.ಎನ್. ಉಪ್ಪಲ್ ಮತ್ತು ಅವರ ಸಹೋದ್ಯೋಗಿಗಳು ಇದರ ಬೆನ್ನು ಹತ್ತಿ, ಮಣ್ಣಿನ ಉಷ್ಣತೆಯನ್ನು ಹತೋಟಿಯಲ್ಲಿಟ್ಟು ಸಸಿಗಳನ್ನು ಪರೀಕ್ಷಿಸುವ ಕ್ರಮವನ್ನು ರೂಢಿಗೆ ತಂದರು. ಫ್ಯುಸೇರಿಯಂಗೆ ಹಿತವಾದ ಮಣ್ಣಿನ ಉಷ್ಣತೆ ಸುಮಾರು 24ರಿಂದ 28 ಡಿಗ್ರಿ ಸೆಲ್ಸಿಯಸ್. ಮಣ್ಣು ಅದಕ್ಕಿಂತ ಬಹಳ ಬಿಸಿಯಾಗಿದ್ದರೆ ಸೊರಗಬೇಕಾದ ಗಿಡವೂ ಸೊರಗದೆ ಉಳಿದು, ನಿರೋಧಕದ ವೇಷ ಹಾಕಿ ಮೋಸ ಮಾಡುತ್ತದೆ. ನಿಜವಾದ ನಿರೋಧಕ ಗಿಡ ಯಾವುದೆಂದರೆ, ಶಿಲೀಂಧ್ರಕ್ಕೆ ಎಲ್ಲವೂ ಅನುಕೂಲವಾಗಿರುವಾಗಲೂ ನಿಂತು ತೋರಿಸುವುದು.

ನಿಂತು ತೋರಿಸುವುದು ಎಂದರೆ ಒಳಗೆ ಏನಾಗುತ್ತದೆ? ಶಿಲೀಂಧ್ರ ಮಣ್ಣಿನಲ್ಲಿ ದಪ್ಪ ಗೋಡೆಯ ಬೀಜಕಣಗಳಾಗಿ ವರ್ಷಗಟ್ಟಲೆ ಮಲಗಿರುತ್ತದೆ. ಹತ್ತಿಯ ಎಳೆಬೇರು ಹತ್ತಿರ ಬಂದು, ಅದರಿಂದ ಒಸರುವ ಸಕ್ಕರೆ ಮತ್ತಿತರ ದ್ರವ್ಯಗಳ ವಾಸನೆ ಸಿಕ್ಕಿದಾಗ ಅದು ಮೊಳೆತು, ಬೇರಿನ ತುದಿಯಿಂದಲೋ ಗಾಯದಿಂದಲೋ ಒಳಹೊಕ್ಕು, ನೀರು ಏರುವ ನಾಳಗಳನ್ನು ತಲುಪುತ್ತದೆ. ಅಲ್ಲಿ ಅದು ಹುಟ್ಟಿಸುವ ಸಣ್ಣ ಕಣಗಳು ನೀರಿನ ಜೊತೆ ತೇಲಿಕೊಂಡು ಮೇಲೇರಿ, ನಾಳದ ಮುಂದಿನ ತಡೆಯಲ್ಲಿ ಸಿಕ್ಕಿ, ಮತ್ತೆ ಮೊಳೆತು, ಮತ್ತೆ ಕಣ ಹುಟ್ಟಿಸುತ್ತವೆ. ವಿಚಿತ್ರವೆಂದರೆ ನಿರೋಧಕ ಗಿಡದ ಬೇರಿಗೂ ಶಿಲೀಂಧ್ರ ನುಗ್ಗುತ್ತದೆ. ವ್ಯತ್ಯಾಸವಿರುವುದು ಗಿಡದ ಚುರುಕಿನಲ್ಲಿ. ನಿರೋಧಕ ಗಿಡ ಶತ್ರುವನ್ನು ಬೇಗ ಗುರುತಿಸಿ, ನಾಳದ ಪಕ್ಕದ ಜೀವಕೋಶಗಳನ್ನು ಗುಳ್ಳೆಗಳಂತೆ ನಾಳದೊಳಗೆ ಉಬ್ಬಿಸಿ, ಅಂಟನ್ನು ಒಸರಿಸಿ, ಆ ಒಂದು ನಾಳವನ್ನು ಅಲ್ಲಿಯೇ ಮುಚ್ಚಿಬಿಡುತ್ತದೆ. ಜೊತೆಗೆ ಹತ್ತಿಕಾಳಿನಲ್ಲಿರುವ ಗಾಸಿಪಾಲ್ ವಿಷದ ಬಳಗಕ್ಕೆ ಸೇರಿದ ಡಿಆಕ್ಸಿಹೆಮಿಗಾಸಿಪಾಲ್‌ನಂಥ ದ್ರವ್ಯಗಳನ್ನು ಅಲ್ಲಿ ಸುರಿಯುತ್ತದೆ. ಸೊರಗುವ ಗಿಡವೂ ಇದನ್ನೆಲ್ಲ ಮಾಡುತ್ತದೆ, ಆದರೆ ತಡವಾಗಿ. ಅಷ್ಟರಲ್ಲಿ ಶಿಲೀಂಧ್ರ ಮೇಲೇರಿರುತ್ತದೆ, ಗಿಡ ಹೆದರಿ ಒಂದರ ಹಿಂದೊಂದು ನಾಳ ಮುಚ್ಚುತ್ತಾ ಹೋಗಿ ಕೊನೆಗೆ ತನ್ನ ನೀರನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ನೀವು ಚಾಕುವಿನಲ್ಲಿ ಸೀಳಿದಾಗ ಕಾಣುವ ಕಂದು ಗೀರು ಈ ತಡವಾದ ಹೋರಾಟದ ಗುರುತು.

ಈ ಚುರುಕು ಎಷ್ಟು ಜೀನುಗಳಿಂದ ಬರುತ್ತದೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಯಾವ ಜಾತಿಯ ಹತ್ತಿ, ಯಾವ ಬಗೆಯ ಶಿಲೀಂಧ್ರ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ನಮ್ಮ ದೇಶಿ ಹತ್ತಿಗಳ ಬಗ್ಗೆ 1947ರಲ್ಲಿ ಕೇಳಕರ, ಚೌಧರಿ, ಹಿರೇಮಠ ಎಂಬ ಮೂವರು ಪ್ರಕಟಿಸಿದ ಅಧ್ಯಯನ ಇಂದಿಗೂ ಉಲ್ಲೇಖಗೊಳ್ಳುತ್ತದೆ; ಮೂರನೆಯ ಹೆಸರು ನಮ್ಮ ಕಡೆಯದೆಂದು ಬೇರೆ ಹೇಳಬೇಕಿಲ್ಲ. ಒಂದಕ್ಕೊಂದು ಪೂರಕವಾದ ಎರಡು ಪ್ರಬಲ ಜೀನುಗಳು ಕೂಡಿದಾಗ ಮಾತ್ರ ನಿರೋಧಕ ಗುಣ ಪ್ರಕಟವಾಗುತ್ತದೆ, ಮತ್ತು ಅದನ್ನು ಅಡಗಿಸಬಲ್ಲ ಮೂರನೆಯ ಜೀನೊಂದಿದೆ ಎಂಬುದು ಅವರ ವಿವರಣೆ. ಎರಡು ಎತ್ತು ಹೂಡಿದರೇ ಬಂಡಿ ಸಾಗುತ್ತದೆ. ಮೂರನೆಯದು ಗಾಲಿಗೆ ಅಡ್ಡ ಇಟ್ಟ ಕಲ್ಲು. ಒಂಟಿ ಎತ್ತಿನ ಗಿಡಕ್ಕೂ ಎತ್ತೇ ಇಲ್ಲದ ಗಿಡಕ್ಕೂ ಹೊಲದಲ್ಲಿ ವ್ಯತ್ಯಾಸ ಕಾಣುವುದಿಲ್ಲ, ಎರಡೂ ಸಾಯುತ್ತವೆ. ಕಲ್ಲನ್ನು ಸದ್ಯ ಬದಿಗಿಟ್ಟು ಲೆಕ್ಕ ಹಾಕಿದರೂ, ನಿರೋಧಕ ಮತ್ತು ಸೊರಗುವ ತಳಿಗಳನ್ನು ಕೂಡಿಸಿದ ಎರಡನೆಯ ಪೀಳಿಗೆಯಲ್ಲಿ 16 ಗಿಡಗಳಿಗೆ 9 ಮಾತ್ರ ನಿಲ್ಲುತ್ತವೆ, ಆ 9ರಲ್ಲಿ ಮುಂದೆಯೂ ಚೂರೂ ಒಡೆಯದೆ ನಿರೋಧಕವಾಗಿಯೇ ಬರುವುದು ಒಂದೇ ಒಂದು. ತಳಿ ಕಟ್ಟುವವರು ಹತ್ತಾರು ವರ್ಷ ತೆಗೆದುಕೊಂಡರೆ ಅದು ಆಲಸ್ಯದಿಂದಲ್ಲ.

ಹಿರ್ಸುಟಂ ನಮ್ಮ ಶಿಲೀಂಧ್ರಕ್ಕೆ ಬಗ್ಗುವುದಿಲ್ಲ ಎಂದೆ. ಅದನ್ನು ಓದಿ, ಅಮೆರಿಕನ್ ಹತ್ತಿಗೆ ಸೊರಗು ರೋಗವೇ ಇಲ್ಲ ಎಂದು ನೀವು ತಿಳಿದರೆ ತಪ್ಪಾದೀತು. ಈ ರೋಗವನ್ನು ವಿಜ್ಞಾನಿಗಳು ಮೊದಲು ವರ್ಣಿಸಿದ್ದೇ ಅಮೆರಿಕದಲ್ಲಿ: 1892ರಲ್ಲಿ ಅಲಬಾಮಾದ ಹತ್ತಿಯಲ್ಲಿ ಜಾರ್ಜ್ ಅಟ್ಕಿನ್ಸನ್. 1899ರಲ್ಲಿ ಅಲ್ಲಿನ ಕೃಷಿ ಇಲಾಖೆ ವಿಲಿಯಂ ಆರ್ಟನ್ ಎಂಬ ಯುವಕನನ್ನು ದಕ್ಷಿಣ ಕೆರೊಲಿನಾ ಕರಾವಳಿಯ ದ್ವೀಪಗಳಿಗೆ ಕಳುಹಿಸಿತು. ಅಲ್ಲಿ ರಿವರ್ಸ್ ಎಂಬ ಬೆಳೆಗಾರ ಸತ್ತ ಹೊಲದಲ್ಲಿ ಬದುಕಿ ನಿಂತ ಗಿಡಗಳ ಬೀಜವನ್ನು ಆಗಲೇ ಬೇರೆಯಾಗಿ ಬಿತ್ತುತ್ತಿದ್ದ. ಆರ್ಟನ್ ಆ ದಾರಿಯನ್ನೇ ಶಿಸ್ತಾಗಿ ಹಿಡಿದ. ರೋಗನಿರೋಧಕ ತಳಿಯನ್ನು ಉದ್ದೇಶಪೂರ್ವಕವಾಗಿ ಕಟ್ಟಿದ, ಜಗತ್ತಿನ ಮೊದಲ ಕೆಲವು ಪ್ರಯತ್ನಗಳಲ್ಲಿ ಅದೂ ಒಂದು. ಅದರ ಮೊದಲ ಹೆಜ್ಜೆ ರೈತನದು ಎಂಬುದನ್ನು ಪಠ್ಯಗಳು ಮರೆಯುವುದುಂಟು, ನಾವು ಮರೆಯಬಾರದು.

ಆ ಅಮೆರಿಕನ್ ಸೊರಗಿಗೆ ಇನ್ನೊಂದು ಮುಖವಿದೆ. ಅದು ಮರಳು ಮಿಶ್ರಿತ, ಹುಳಿ ಮಣ್ಣಿನ ರೋಗ. ನಮ್ಮದು ಕ್ಷಾರೀಯ ಎರೆಯ ರೋಗ. ಅಲ್ಲಿ ಬೇರಿಗೆ ಗಂಟು ಕಟ್ಟಿಸುವ ಜಂತುಹುಳು ಮೊದಲು ಬೇರನ್ನು ಗಾಯಗೊಳಿಸುತ್ತದೆ, ಆ ದಾರಿಯಲ್ಲಿ ಶಿಲೀಂಧ್ರ ನುಗ್ಗುತ್ತದೆ. ಹೀಗಾಗಿ ಸೊರಗು ನಿರೋಧಕ ತಳಿಯೂ ಜಂತುಹುಳು ಹೆಚ್ಚಿದ ಹೊಲದಲ್ಲಿ ಸೊರಗಿಬಿಡುತ್ತಿತ್ತು. ಸ್ಮಿತ್ ಮತ್ತು ಡಿಕ್ 1960ರಲ್ಲಿ ಈ ಗೋಜಲನ್ನು ಬಿಡಿಸಿ, ಶಿಲೀಂಧ್ರಕ್ಕೆ ನಿರೋಧ ಬೇರೆ, ಜಂತುಹುಳಕ್ಕೆ ನಿರೋಧ ಬೇರೆ, ಹೊಲದಲ್ಲಿ ಅವೆರಡೂ ಒಂದೇ ಎಂಬಂತೆ ಕಾಣುತ್ತವೆ ಎಂದು ತೋರಿಸಿದರು. ಆಮೇಲೆ ಶೆಫರ್ಡ್ ಕಟ್ಟಿದ ಆಬರ್ನ್ 623 ಎಂಬ ಸಾಲು ಜಂತುಹುಳಕ್ಕೆ ಎಷ್ಟು ಗಟ್ಟಿಯಾಗಿತ್ತೆಂದರೆ, ಅದರ ತಂದೆ ತಾಯಿಗಳಿಬ್ಬರೂ ಅಷ್ಟು ಗಟ್ಟಿ ಇರಲಿಲ್ಲ. ಇಬ್ಬರಿಂದ ಬೇರೆ ಬೇರೆ ಜೀನು ಬಂದು ಮಗುವಿನಲ್ಲಿ ಕೂಡಿಕೊಂಡಿದ್ದವು.

ಚೀನಾದ ಕಥೆಯಲ್ಲಿ ನಮಗೆ ಬೇಕಾದ ಎಚ್ಚರಿಕೆ ಇದೆ. ಅಲ್ಲಿನ ಹಿರ್ಸುಟಂ ಹತ್ತಿಯನ್ನು ಕಾಡುವ ಫ್ಯುಸೇರಿಯಂನ ಮುಖ್ಯ ಬಗೆಗೆ 7ನೆಯ ರೇಸ್ ಎಂದು ಹೆಸರು. ಸೊರಗು ಬಿದ್ದ ಹೊಲಗಳಿಂದ ಆಯ್ದ ತಳಿಗಳಿಂದ 1980ರ ದಶಕದ ಹೊತ್ತಿಗೆ ಅವರು ಅದನ್ನು ಬಹುಮಟ್ಟಿಗೆ ಹದ್ದುಬಸ್ತಿನಲ್ಲಿಟ್ಟರು. ಅದರ ಹಿಂದಿನ ಒಂದು ಮುಖ್ಯ ಜೀನನ್ನು 2021ರಲ್ಲಿ ಗುರುತಿಸಲಾಯಿತು. ಅದಕ್ಕೆ ಎಫ್‌ಒವಿ7 ಎಂದು ಹೆಸರಿಟ್ಟಿದ್ದಾರೆ. ಅದು ಗ್ಲುಟಮೇಟ್ ಗ್ರಾಹಕವನ್ನು ಹೋಲುವ ಒಂದು ಪ್ರೊಟೀನನ್ನು ಕಟ್ಟುತ್ತದೆ, ಎಂದರೆ ಬಹುಶಃ ಶತ್ರು ಬಂದ ಸುದ್ದಿಯನ್ನು ಜೀವಕೋಶಕ್ಕೆ ಮುಟ್ಟಿಸುವ ಕೆಲಸದ್ದು. ನಿರೋಧಕ ಗಿಡಕ್ಕೂ ಸೊರಗುವ ಗಿಡಕ್ಕೂ ಆ ಜೀನಿನಲ್ಲಿ ಇರುವುದು ಒಂದೇ ಅಕ್ಷರದ ವ್ಯತ್ಯಾಸ. ಆದರೆ ಫ್ಯುಸೇರಿಯಂ ಹಿಂದೆ ಸರಿದ ಜಾಗಕ್ಕೆ ವರ್ಟಿಸಿಲಿಯಂ ಎಂಬ ಇನ್ನೊಂದು ಶಿಲೀಂಧ್ರ ಬಂದು ಕುಳಿತು, 1993ರಲ್ಲಿ ದೊಡ್ಡ ಹಾವಳಿ ಮಾಡಿತು. ಅದು ತಂಪು ಬಯಸುವ ಸೊರಗು. ನಮ್ಮಲ್ಲಿ ತಮಿಳುನಾಡಿನ ಕಡೆ ಹೆಚ್ಚು ಕಾಣುತ್ತದೆ, ಅಲ್ಲಿ ಎಂಸಿಯು 5 ವಿಟಿ ಎಂಬ ತಳಿಯನ್ನು ಅದನ್ನು ತಾಳಿಕೊಳ್ಳಲೆಂದೇ ಬಿಡುಗಡೆ ಮಾಡಿದ್ದರು. ಹಿರ್ಸುಟಂನಲ್ಲಿ ಅದಕ್ಕೆ ಫ್ಯುಸೇರಿಯಂನಂತೆ ಗಟ್ಟಿ ನಿರೋಧ ಕಡಿಮೆ. ಬಾರ್ಬಡೆನ್ಸ್‌ನಲ್ಲಿ ಇದೆ, ಆದರೆ ಅಲ್ಲಿಂದ ಎಳೆದು ತರುವುದು ಸುಲಭವಾಗಿಲ್ಲ. ಇಷ್ಟು ಸಾಕು, ಕುಂದಗೋಳದ ಹೊಲಕ್ಕೆ ಅದು ಸದ್ಯದ ಚಿಂತೆಯಲ್ಲ.

ಚಿಂತೆ ಮಾಡಬೇಕಾದದ್ದು ಇನ್ನೊಂದಿದೆ. 1960ರಲ್ಲಿ ಆರ್ಮ್‌ಸ್ಟ್ರಾಂಗ್ ದಂಪತಿ ಭಾರತದ ದೇಶಿ ಹತ್ತಿಯಿಂದ ಪಡೆದ ಫ್ಯುಸೇರಿಯಂಗೆ 4ನೆಯ ರೇಸ್ ಎಂದು ಹೆಸರಿಟ್ಟರು. ಅದೇ 4ನೆಯ ರೇಸ್ 2001ರಲ್ಲಿ ಕ್ಯಾಲಿಫೋರ್ನಿಯಾದ ಸಾನ್ ಹೊಕೀನ್ ಕಣಿವೆಯಲ್ಲಿ ಕಾಣಿಸಿಕೊಂಡು, ಅಲ್ಲಿನ ಪಿಮಾ ಹತ್ತಿಯನ್ನು, ಎಂದರೆ ಬಾರ್ಬಡೆನ್ಸನ್ನು, ಸಸಿಯಲ್ಲೇ ಕೊಲ್ಲತೊಡಗಿತು; ಹಿರ್ಸುಟಂ ಅನ್ನೂ ಬಿಡಲಿಲ್ಲ. ಅದಕ್ಕೆ ಜಂತುಹುಳುವಿನ ನೆರವೂ ಬೇಕಿಲ್ಲ. ಆಗ ಕೈಹಿಡಿದದ್ದು ಪಿಮಾ ಎಸ್-6 ಎಂಬ ಹಳೆಯ ತಳಿಯಲ್ಲಿ ಯಾರೂ ಬಯಸದೆಯೇ ಇದ್ದ ಒಂದು ಪ್ರಬಲ ಜೀನು. ಆಸ್ಟ್ರೇಲಿಯಾದಲ್ಲಿ 1993ರಲ್ಲಿ ಕಾಣಿಸಿಕೊಂಡ ಸೊರಗಂತೂ ಹೊರಗಿನಿಂದ ಬಂದದ್ದಲ್ಲ. ಅಲ್ಲಿನ ಕಾಡುಹತ್ತಿಗಳ ಸುತ್ತಲ ಮಣ್ಣಿನಲ್ಲಿದ್ದ ಫ್ಯುಸೇರಿಯಂನಿಂದಲೇ ಅದು ಬೆಳೆದು ಬಂದಿತೆಂಬುದಕ್ಕೆ ಆಧಾರಗಳಿವೆ. ಹಿರ್ಸುಟಂ ಭಾರತದಲ್ಲಿ ಸುರಕ್ಷಿತ ಎಂಬ ಮಾತನ್ನು ನಾನು ಈ ದಿನದ ಮಾತಾಗಿ ಹೇಳುತ್ತಿದ್ದೇನೆ, ಎಂದೆಂದಿನ ಮಾತಾಗಿ ಅಲ್ಲ. ನಿಮ್ಮ ಹೈಬ್ರಿಡ್ ಗಿಡವನ್ನು ಸೀಳಿದಾಗ ಕಂದು ಗೀರು ಕಂಡರೆ, ಅದನ್ನು ಕಸಕ್ಕೆ ಎಸೆಯದೆ, ಕಾಂಡದ ತುಂಡನ್ನು ಕಾಗದದಲ್ಲಿ ಸುತ್ತಿ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ತಲುಪಿಸಬೇಕೆಂದು ಕೇಳುವುದು ಇದಕ್ಕಾಗಿ. ಪ್ಲಾಸ್ಟಿಕ್ ಚೀಲ ಬೇಡ. ಒಳಗೇ ಬೆವರಿ ಕೊಳೆಯುತ್ತದೆ.

ಜಯಧರದ ಜೀನನ್ನು ಬಿಟಿ ಹತ್ತಿಗೆ ತರಬಹುದೇ ಎಂಬ ಎರಡನೆಯ ಪ್ರಶ್ನೆಗೆ ಉತ್ತರ ಈಗ ಅರ್ಧ ಸಿಕ್ಕಿದೆ: ತರುವ ಅಗತ್ಯ ಸದ್ಯಕ್ಕಿಲ್ಲ. ತರಲು ಹೊರಟರೆ 26ರ ಗಿಡವನ್ನೂ 52ರ ಗಿಡವನ್ನೂ ಕೂಡಿಸಬೇಕು. ಹುಟ್ಟುವ ಮಗುವಿಗೆ 39 ವರ್ಣತಂತುಗಳು; ಜೋಡಿ ಸಿಗದ ವರ್ಣತಂತುಗಳಿಂದಾಗಿ ಅದು ಬಂಜೆ. ಕೊಲ್ಚಿಸಿನ್ ಎಂಬ ದ್ರವ್ಯದಿಂದ ವರ್ಣತಂತುಗಳನ್ನು ಇಮ್ಮಡಿಗೊಳಿಸಿ ಆ ಬಂಜೆತನವನ್ನು ದಾಟಿ, ಮತ್ತೆ ಮತ್ತೆ ಹಿರ್ಸುಟಂಗೆ ಕೂಡಿಸುತ್ತಾ ಬರಬಹುದು. ಬೇರೆ ಗುಣಗಳಿಗಾಗಿ ಇಂಥ ಕೆಲಸ ನಡೆದಿದೆ. ನಿಮ್ಮ ತೊಂದರೆಗೆ ಮಾತ್ರ ಅದು ಮದ್ದಲ್ಲ. ಇನ್ನು ಬಿಟಿ ಜೀನು: ನಮ್ಮ ದೇಶದಲ್ಲಿ 2002ರಲ್ಲಿ ಅನುಮತಿ ಪಡೆದ ಅದು ಕಾಯಿಕೊರಕ ಹುಳದ ಹೊಟ್ಟೆಯಲ್ಲಿ ಕೆಲಸ ಮಾಡುವ ಪ್ರೊಟೀನನ್ನು ಕೊಡುತ್ತದೆ. ಅದು ಸೊರಗನ್ನು ತಡೆಯುವುದೂ ಇಲ್ಲ, ತರುವುದೂ ಇಲ್ಲ. ಕಾಯಿ ಉಳಿಯುವುದರಿಂದ ಗಿಡದ ಮೇಲೆ ಒಮ್ಮೆಲೇ ಬೀಳುವ ಭಾರ ಹೆಚ್ಚುತ್ತದೆ ಎಂಬಷ್ಟರ ಮಟ್ಟಿಗೆ ಮಾತ್ರ ಸಂಬಂಧವನ್ನು ಒಪ್ಪಬಹುದು.

ಆ ಭಾರವೇ ನಿಮ್ಮ ಹೊಲದ ಪ್ಯಾರಾವಿಲ್ಟ್‌ಗೆ ಒಂದು ಕಾರಣ. ಬಹಳ ದಿನ ಒಣಗಿದ್ದ ಎರೆಗೆ ಒಮ್ಮೆಲೇ ಮಳೆ ಹೊಡೆದು ಬಿರುಕುಗಳೆಲ್ಲ ಮುಚ್ಚಿಕೊಂಡಾಗ ಬೇರಿಗೆ ಉಸಿರಾಟ ನಿಲ್ಲುತ್ತದೆ. ಮಾರನೆಯ ದಿನ ಬಿಸಿಲು ಚುರುಗುಟ್ಟಿದರೆ ಎಲೆ ಕೇಳುವಷ್ಟು ನೀರನ್ನು ಬೇರು ಒದಗಿಸಲಾರದು. ಗಿಡ ತಾನೇ ಹುಟ್ಟಿಸುವ ಎಥಿಲೀನ್ ಎಂಬ ಅನಿಲ ಹೆಚ್ಚಿ ಎಲೆ ಜೋಲುತ್ತದೆ, ಉದುರುತ್ತದೆ. ಸೊಂಪಾಗಿ ಬೆಳೆದು ಹೆಚ್ಚು ಕಾಯಿ ಹೊತ್ತ ಗಿಡವೇ ಮೊದಲು ಬೀಳುತ್ತದೆ. ಗಿಡ್ಡಗೆ, ಬಡಕಲಾಗಿ ಇದ್ದದ್ದು ಉಳಿಯುತ್ತದೆ. ಹೈಬ್ರಿಡ್‌ಗಳ ನಡುವೆ ಹೆಚ್ಚು ಕಡಿಮೆ ಇದೆ, ಆದರೆ ಇದು ಫ್ಯುಸೇರಿಯಂ ನಿರೋಧದಂತೆ ಒಂದೆರಡು ಜೀನಿನಲ್ಲಿ ನಿಂತ ಗುಣವಲ್ಲ. ಗಿಡ ಜೋತುಬಿದ್ದ ಕೆಲವೇ ಗಂಟೆಗಳೊಳಗೆ ಲೀಟರ್ ನೀರಿಗೆ 10 ಮಿಲಿಗ್ರಾಂ ಕೋಬಾಲ್ಟ್ ಕ್ಲೋರೈಡ್ ಬೆರೆಸಿ ಸಿಂಪಡಿಸಿದರೆ ಎಥಿಲೀನ್ ತಗ್ಗಿ ಕೆಲವು ಗಿಡ ಚೇತರಿಸಿಕೊಳ್ಳುತ್ತವೆ. ಒಂದು ದಿನ ಕಳೆದ ಮೇಲೆ ಸಿಂಪಡಿಸಿದರೆ ಹಣ ಮಾತ್ರ ಹೋಗುತ್ತದೆ. ಅದಕ್ಕಿಂತ ನಂಬಬೇಕಾದದ್ದು ಬಸಿಗಾಲುವೆ: ಇಳಿಜಾರಿಗೆ ಅಡ್ಡವಾಗಿ ನೀರು ನಿಲ್ಲದಂತೆ, ನಾಲ್ಕೈದು ಸಾಲಿಗೊಮ್ಮೆ ಒಂದು ಹರಿ. ಎಡೆಕುಂಟೆ ಹೊಡೆಯುತ್ತಿದ್ದ ಕಾಲದಲ್ಲಿ ಎರೆಯ ಬಿರುಕು ಮುಚ್ಚಿ ಮೇಲ್ಮಣ್ಣು ಸಡಿಲವಾಗಿರುತ್ತಿತ್ತು, ಒಣಗೂ ಒದ್ದೆಗೂ ಇಷ್ಟು ಅಂತರ ಇರುತ್ತಿರಲಿಲ್ಲ ಎಂದು ಹಳಬರು ಹೇಳುವುದರಲ್ಲಿ ಸತ್ಯವಿದೆ.

ಅಂಗಡಿಯವರ ‘ಸೊರಗು ನಿರೋಧಕ’ಕ್ಕೆ ಬರೋಣ. ಹಿರ್ಸುಟಂ ಹೈಬ್ರಿಡ್‌ನ ಚೀಟಿಯ ಮೇಲೆ ಈ ಮಾತನ್ನು ಮುದ್ರಿಸಿದರೆ, ಭಾರತದ ಫ್ಯುಸೇರಿಯಂ ಮಟ್ಟಿಗೆ ಅದು ಸುಳ್ಳಲ್ಲ. ಹೆಚ್ಚುಗಾರಿಕೆಯೂ ಅಲ್ಲ, ಏಕೆಂದರೆ ಆ ಜಾತಿಯ ಬೇರೆ ಹೈಬ್ರಿಡ್‌ಗಳಿಗೂ ಅದು ಸಲ್ಲುತ್ತದೆ. ಪ್ಯಾರಾವಿಲ್ಟ್‌ಗೆ ನಿರೋಧ ಎಂಬ ಅರ್ಥದಲ್ಲಿ ಹೇಳಿದರೆ ನಾನು ನಂಬುವುದಿಲ್ಲ. ‘ಯಾವ ಸೊರಗಿಗೆ?’ ಎಂದು ಒಮ್ಮೆ ಕೇಳಿ ನೋಡಿ. ಉತ್ತರ ಬಂದರೆ ಅದರ ಮೇಲೆ ಮಾತು ಮುಂದುವರಿಸಬಹುದು. ಬಾರದಿದ್ದರೆ ಆ ಎರಡು ಶಬ್ದಕ್ಕೆ ಹೆಚ್ಚಿನ ಬೆಲೆ ತೆರಬೇಡಿ.

ನಿಮ್ಮ ಪತ್ರದಲ್ಲಿ ಕೇಳದೆ ಉಳಿದ ಪ್ರಶ್ನೆಯೊಂದು ಇದೆ ಎನಿಸಿತು: ಮತ್ತೆ ದೇಶಿ ಹತ್ತಿ ಹಾಕಬಹುದೇ ಎಂದು. ಕೊಳ್ಳುವವರು ಮೊದಲೇ ಗೊತ್ತಾಗಿದ್ದರೆ ಒಂದೆರಡು ಎಕರೆಯಲ್ಲಿ ಹಾಕಿ. ಎಳೆ ಗಿಡ್ಡ, ಇಳುವರಿ ಕಡಿಮೆ. ಆದರೆ ಒಣ ತಡೆಯುತ್ತದೆ. ಬೀಜ ಮಾತ್ರ ಕೈಬದಲಾಗಿ ಬಂದದ್ದನ್ನು ಒಪ್ಪಬೇಡಿ, ಕೃಷಿ ಸಂಶೋಧನಾ ಕೇಂದ್ರದಿಂದಲೇ ತನ್ನಿ. ಜೇನ್ನೊಣಗಳು ಹೂವಿನಿಂದ ಹೂವಿಗೆ ಪರಾಗ ಒಯ್ಯುತ್ತವೆ, ಗಿನ್ನಿಂಗ್‌ನಲ್ಲಿ ಕಾಳು ಬೆರೆಯುತ್ತದೆ. ಎರಡು ಎತ್ತಿನ ಆ ಬಂಡಿಯಿಂದ ಒಂದು ಎತ್ತು ಯಾವಾಗ ಬಿಚ್ಚಿಕೊಂಡಿತೆಂದು ಬೀಜ ನೋಡಿ ಯಾರೂ ಹೇಳಲಾರರು. ಜಯಧರ ಹೈಬ್ರಿಡ್ ಅಲ್ಲವಾದ್ದರಿಂದ ಮರುವರ್ಷಕ್ಕೆ ನಿಮ್ಮದೇ ಬೀಜ ಇಟ್ಟುಕೊಳ್ಳಬಹುದು. ಹಾಗೆ ಇಡುವಾಗ ಹೊಲದ ಚೆನ್ನಾದ ಮೂಲೆಯಿಂದ ಬೀಜ ಆಯಬೇಡಿ. ಎಲ್ಲಿಯಾದರೂ ನಾಲ್ಕು ಗಿಡ ಸೊರಗಿ ಮಚ್ಚೆಯಾಗಿದ್ದರೆ, ಅದರ ನಟ್ಟನಡುವೆ ಹಸಿರಾಗಿ ನಿಂತ ಗಿಡಕ್ಕೆ ಕೆಂಪು ದಾರ ಕಟ್ಟಿ, ಅದರ ಕಾಯಿಯನ್ನು ಬೇರೆ ಬಿಡಿಸಿ, ಅರಳೆ ಕೈಯಿಂದ ತೆಗೆದು ಕಾಳನ್ನು ಬೇರೆ ಚೀಲದಲ್ಲಿ ಇಡಿ. ಮರುವರ್ಷ ಅದನ್ನು ಅದೇ ಮಚ್ಚೆಯಲ್ಲಿ ಬಿತ್ತಿ ನೋಡಿ.